ರೇನ್ ಸತ್ತ ಬಗೆ

1704, ಮಾರ್ಚ್ 6

ಇವತ್ತು ಹನ್ನೆರಡು ಹೆಸರು ಬರೆದೆ. ಒಂದು ಅಕ್ಷರವೂ ಚಿತ್ತಾಗಲಿಲ್ಲ.

ಬೇಸಿಗೆಗೆ ರಷ್ಯದವರು ನಾರ್ವಾ ಕೋಟೆಗೆ ಮುತ್ತಿಗೆ ಹಾಕುತ್ತಾರಂತೆ. ಕೋಟೆ ಕಾಯಲು ನಮ್ಮನ್ನಾಳುವ ಸ್ವೀಡನ್ ದೊರೆ ಮಹಾಪ್ರಭುಗಳಿಗೆ ಆಳು ಬೇಕು. ನಮ್ಮ ಚರ್ಚಿನ ಹಳ್ಳಿಗಳ ಪಾಲಿಗೆ ಹನ್ನೆರಡು ಜನ. ಗಂಟೆ ಹೊಡೆಯುವುದು, ಹಾಡು ಎತ್ತಿಕೊಡುವುದು, ಮಕ್ಕಳಿಗೆ ಓದು ಕಲಿಸುವುದರ ಜೊತೆಗೆ ಇಂಥ ಪಟ್ಟಿ ಬರೆಯುವುದೂ ನನ್ನ ಕೆಲಸವೇ. ಎಸ್ಟೋನಿಯದ ಈ ಕಡಲಂಚಿನ ಒಕ್ಕಲುಗಳ ಹಿರಿಯರಲ್ಲಿ ಬರೆಯಲು ಬರುವವನು ನಾನೊಬ್ಬನೇ. ಜೀತದವನ ಮಗನ ಕೈಗೆ ಅಕ್ಷರ ಕೊಟ್ಟದ್ದು ಈ ಮಹಾಪ್ರಭುಗಳ ತಂದೆಯವರ ಶಾಲೆ. ಅದನ್ನು ಮರೆಯುವವನು ನಾನಲ್ಲ.

ಹನ್ನೊಂದು ಹೆಸರು ಸುಲಭವಾಗಿ ಸಿಕ್ಕವು. ಹನ್ನೆರಡನೆಯದು ಮೀನುಗಾರ್ತಿ ಮಾರೆತ್ ಮನೆಯ ಪಾಳಿ. ಅವಳ ಗಂಡ ಹೋದ ಚಳಿಗಾಲದಲ್ಲಿ ಕಡಲ ಮೇಲಿನ ಮಂಜುಗಡ್ಡೆ ಒಡೆದು ಮುಳುಗಿದ. ಇರುವವನು ಒಬ್ಬನೇ ಮಗ ಲೌರ್, ಹದಿನೆಂಟು ವರ್ಷ. ಮಾರೆತ್ ಶಾಲೆಯ ಮೆಟ್ಟಿಲ ಮೇಲೆ ಬಂದು ಕುಳಿತಳು. ಏನೂ ಕೇಳಲಿಲ್ಲ, ಸುಮ್ಮನೆ ಕುಳಿತಳು.

ಜಮೀನ್ದಾರರ ಪಾರುಪತ್ಯಗಾರ ಲೂಡರ್ ಪಟ್ಟಿಗಾಗಿ ಕಾಯುತ್ತಿದ್ದ. “ಹನ್ನೆರಡನೇದು ಯಾರಯ್ಯ?” ಎಂದ.

“ನನ್ನ ಮಗ ರೇನ್,” ಎಂದೆ.

ಅವನು ನನ್ನನ್ನೇ ನೋಡಿದ. “ನಿಂದು ಶಾಲೆ ಮನೆ ಕಣಯ್ಯ, ಒಕ್ಕಲು ಮನೆ ಅಲ್ಲ. ನಿನ್ ಮಗನ್ನ ಯಾರೂ ಕೇಳಿಲ್ಲ.”

“ಪಟ್ಟಿ ಬರೆಯೋನ ಮನೆ ಪಟ್ಟಿಯಿಂದ ಹೊರಗಿದ್ರೆ ಪಟ್ಟಿಗೆ ಏನು ಬೆಲೆ ಸ್ವಾಮಿ?” ಎಂದೆ.

ಈ ಮಾತು ಇಡೀ ಊರಿಗೆ ಹರಡಿದೆ. ಸಂಜೆ ಪಾದ್ರಿಗಳೇ ಬಂದು ನನ್ನ ಕೈ ಹಿಡಿದುಕೊಂಡರು.

ಮಾರ್ಚ್ 7

ವೀಯು ಬೆಳಿಗ್ಗೆಯಿಂದ ಹಿಟ್ಟು ನಾದುತ್ತಲೇ ಇದ್ದಾಳೆ. ನನ್ನ ಹೆಂಡತಿಗೆ ಓದು ಬರದು, ದೊಡ್ಡ ವಿಷಯಗಳು ಬೇಗ ಅರ್ಥವಾಗುವುದಿಲ್ಲ.

“ನಿನ್ ಕೈಯಾರೆ ಬರೆದ್ಯಾ ಕಾಸ್ಪರ್?”

“ಬೇರೆಯವರ ಮಕ್ಕಳ ಹೆಸರು ಬರೆದು ನಂದು ಬಿಟ್ರೆ ನಾಳೆ ಯಾವ ಮುಖ ಹೊತ್ಕೊಂಡು ಗಂಟೆ ಹೊಡೀಲಿ?”

“ಗಂಟೆ ಯಾರ್ ಬೇಕಾದ್ರೂ ಹೊಡೀತಾರೆ,” ಎಂದಳು. “ಇವನ್ನ ಇನ್ಯಾರು ಹೆರ್ತಾರೆ?”

ರೇನ್ ಬಾಗಿಲ ಬಳಿ ಬಲೆ ಸರಿಮಾಡುತ್ತ ಕುಳಿತಿದ್ದ. ಇಪ್ಪತ್ತು ವರ್ಷದವನು, ನನಗಿಂತ ಒಂದು ಗೇಣು ಎತ್ತರ. ನಿನಗೇನನಿಸುತ್ತದೆ ಎಂದು ಕೇಳಿದೆ.

“ಬರೆದಾಗಿದೆಯಲ್ಲ ಅಪ್ಪ. ಇನ್ನೇನು ಕೇಳ್ತೀರಿ,” ಎಂದ.

ಹುಡುಗ ಧೈರ್ಯಶಾಲಿ. ನನ್ನ ಪಾಠ ವ್ಯರ್ಥವಾಗಿಲ್ಲ.

ಮಾರ್ಚ್ 21

ಹನ್ನೆರಡು ಜನ ಹೊರಟರು. ಮೊನ್ನೆ ಭಾನುವಾರ ರೇನ್‌ಗೂ ಬೆಸ್ತರ ಆದೊನ ಮಗಳು ಇಂಗೆಲ್‌ಗೂ ಪಾದ್ರಿಗಳ ಮುಂದೆ ನಿಶ್ಚಿತಾರ್ಥವಾಯಿತು. ಅವಳದೇ ಹಟ. “ಹೋಗಿ ಬರೋವರ್ಗೂ ಯಾರೂ ನನ್ನ ಕೇಳ್ಕೊಂಡ್ ಬರ್ಬಾರ್ದು, ಅದಕ್ಕೆ,” ಎಂದು ಎಲ್ಲರೆದುರು ಹೇಳಿ ನಗಿಸಿದಳು. ಚರ್ಚಿನ ನಿಶ್ಚಿತಾರ್ಥ ಎಂದರೆ ಅರ್ಧ ಮದುವೆ. ಇಬ್ಬರಲ್ಲಿ ಒಬ್ಬರು ಸಾಯದೆ ಬಿಡಿಸುವಂತಿಲ್ಲ.

ಗಾಡಿಗಳು ತಿರುವು ದಾಟುವ ತನಕ ಗಂಟೆ ಹೊಡೆದೆ. ಆದ್ದರಿಂದ ಅವನ ಜೊತೆ ಗಾಡಿಯ ತನಕ ಹೋಗಲಾಗಲಿಲ್ಲ. ಗಂಟೆ ಗೋಪುರದ ಮೇಲಿನಿಂದ ಟೊಪ್ಪಿಗೆಗಳು ಮಾತ್ರ ಕಂಡವು.

ಮನೆಗೆ ಬಂದಾಗ ವೀಯು, “ಗಂಜಿ ಇದೆ, ಮೇಷ್ಟ್ರೇ,” ಎಂದಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಊರವರ ಹಾಗೆ ನನ್ನನ್ನು ಮೇಷ್ಟ್ರೇ ಎಂದದ್ದು ಇದೇ ಮೊದಲು. ತಮಾಷೆಗೆ ಇರಬೇಕು.

ಜೂನ್ 14

ರೇನ್‌ನ ಕಾಗದ! ಉಪ್ಪಿನ ಹಡಗಿನವನೊಬ್ಬ ತಂದುಕೊಟ್ಟ.

‘ನಾವು ಗೋಡೆಗೆ ಮಣ್ಣು ಹೊರುತ್ತೇವೆ. ನನ್ನ ಪಾದ ಸ್ವಲ್ಪ ಕೆಟ್ಟಿತ್ತು, ಈಗ ಪರವಾಗಿಲ್ಲ. ನದಿಯ ಆಚೆ ಅವರ ಡೇರೆಗಳು ಕಾಣಿಸುತ್ತವೆ, ಎಣಿಸಲು ಹೋದರೆ ಮುಗಿಯುವುದಿಲ್ಲ. ಅವ್ವನಿಗೂ ಇಂಗೆಲ್‌ಗೂ ಹೇಳಿ. ಇಲ್ಲಿ ಬರೆಯಲು ಬರುವವನು ನಾನೊಬ್ಬನೇ, ಎಲ್ಲರ ಮನೆಗೂ ನಾನೇ ಬರೆದುಕೊಡುತ್ತೇನೆ.’

ವೀಯು ಐದು ಸಲ ಓದಿಸಿದಳು. ಇಂಗೆಲ್ ಓಡಿಬಂದು ಎರಡು ಸಲ ಓದಿಸಿದಳು. ಮೂರು ಕಡೆ ಅಕ್ಷರ ತಪ್ಪಿದೆ. ಶಾಯಿಯಲ್ಲಿ ತಿದ್ದಿಟ್ಟಿದ್ದೇನೆ, ಬಂದ ಮೇಲೆ ತೋರಿಸಬೇಕು.

ಸೆಪ್ಟೆಂಬರ್ 2

ನಾರ್ವಾ ಬಿದ್ದಿದೆ. ಬಿದ್ದು ಮೂರು ವಾರವಾಯಿತಂತೆ. ಮೂರು ವಾರ ನಾನು ಪ್ರತಿ ಭಾನುವಾರ ಆ ಕೋಟೆಯ ಉಳಿವಿಗಾಗಿ ಹಾಡು ಎತ್ತಿಕೊಟ್ಟಿದ್ದೇನೆ.

ನುಗ್ಗಿದವರು ಎದುರು ಸಿಕ್ಕವರನ್ನೆಲ್ಲ ಕಡಿದರು ಎಂದು ಒಬ್ಬ ಹೇಳುತ್ತಾನೆ. ಕೈಯೆತ್ತಿದವರನ್ನು ಹಿಡಿದುಕೊಂಡು ಹೋದರು ಎಂದು ಇನ್ನೊಬ್ಬ. ಲೂಡರ್‌ನನ್ನು ಕೇಳಿದೆ.

“ಆಫೀಸರುಗಳ ಹೆಸರು ಬಂದಿದೆ. ನಿಮ್ಮವರದೆಲ್ಲ ಯಾರು ಬರೀತಾರಯ್ಯ?” ಎಂದ.

1705, ಫೆಬ್ರವರಿ 10

ಹನ್ನೆರಡರಲ್ಲಿ ಒಬ್ಬನ ಸುದ್ದಿಯೂ ಇಲ್ಲ.

ರೇನ್‌ನ ಕಾಗದ ಮತ್ತೆ ತೆಗೆದೆ. ನಾನು ತಿದ್ದಿದ ಶಾಯಿ ಅವನ ಶಾಯಿಗಿಂತ ಕಪ್ಪಾಗಿದೆ. ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುವುದು ಅದೇ. ಚಾಕುವಿನಿಂದ ಮೆಲ್ಲಗೆ ಕೆರೆದು ತೆಗೆಯಲು ನೋಡಿದೆ. ಕಾಗದ ತೂತಾಯಿತು.

1707, ಅಕ್ಟೋಬರ್ 19

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ವಾರಕ್ಕೊಮ್ಮೆ ಲೌರ್ ಮೀನು ತಂದು ಹೊಸ್ತಿಲಲ್ಲಿ ನಿಲ್ಲುತ್ತಾನೆ. ವೀಯು ಅವನನ್ನು ಕಂಡರೆ ಎದ್ದು ಒಳಗೆ ಹೋಗುತ್ತಾಳೆ. ನಾನೇ ತೆಗೆದುಕೊಳ್ಳಬೇಕು. ಆ ಮೀನನ್ನು ಅವಳು ಬೇಯಿಸುತ್ತಾಳೆ, ತಿನ್ನುವುದಿಲ್ಲ.

ಇವತ್ತು ಅವನ ತಾಯಿ ಮಾರೆತ್ ದಾರಿಯಲ್ಲಿ ತಡೆದಳು. “ನಾನೇನ್ ಮಾಡ್ಲಿ ಹೇಳಿ ಮೇಷ್ಟ್ರೇ. ನನ್ ಮಗ ಬದುಕಿರೋದಕ್ಕೆ ಎಷ್ಟು ಸಲ ಅಂತ ತಲೆ ತಗ್ಗಿಸ್ಲಿ? ನಾನು ನಿಮ್ಮನ್ನ ಕೇಳಿರ್ಲಿಲ್ಲ.”

“ಇಲ್ಲ, ನೀನು ಕೇಳಿರ್ಲಿಲ್ಲ,” ಎಂದೆ.

“ಕೇಳಬೇಕಂತ್ಲೇ ಬಂದಿದ್ದೆ, ಅದು ಬೇರೆ,” ಎಂದು ಅಳಲು ತೊಡಗಿದಳು. ಅವಳ ಬುಟ್ಟಿ ಹೊತ್ತುಕೊಂಡು ಅವಳ ಮನೆಯ ತನಕ ನಡೆದೆ.

ದೊರೆ ಎಲ್ಲೋ ಪೋಲೆಂಡಿನ ಆಚೆ ಯುದ್ಧ ಮಾಡುತ್ತಿದ್ದಾನಂತೆ. ಗೆಲ್ಲುತ್ತಿದ್ದಾನಂತೆ.

1710, ಆಗಸ್ಟ್ 4

ರೆವಲ್ ಪಟ್ಟಣದಿಂದ ಸ್ವೀಡನ್ನಿನ ಆಫೀಸರನೊಬ್ಬ ಆರು ಕುದುರೆ ಸವಾರರ ಜೊತೆ ಬಂದ. ರೀಗಾ ಬಿದ್ದಿದೆ, ಇನ್ನು ರೆವಲ್‌ನ ಸರದಿ, ಗೋಡೆ ಕಾಯಲು ಜನ ಬೇಕು. ಚರ್ಚಿನ ಪುಸ್ತಕ ನೋಡಿ ಮದುವೆಯಾಗದ ಗಂಡಾಳುಗಳ ಪಟ್ಟಿಯನ್ನು ಊಟದ ಹೊತ್ತಿಗೆ ಕೊಡಬೇಕು ಎಂದ.

ಪುಸ್ತಕ ಬಿಚ್ಚಿದೆ. ಒಂಬತ್ತು ಜನರಿದ್ದರು. ಎಲ್ಲರೂ ನನ್ನ ಬೆಂಚಿನ ಮೇಲೆ ಕುಳಿತು ಓದು ಕಲಿತವರು. ಮಾರೆತ್‌ಳ ಲೌರ್ ಕೂಡ.

ಪುಟ ತಿರುಗಿಸಿ ಸಮಾಧಿಯ ಪಟ್ಟಿಯಲ್ಲಿ ಒಂಬತ್ತೂ ಹೆಸರು ಬರೆದೆ. ಜುಲೈ ಮೂರರಿಂದ ಮೂವತ್ತರ ತನಕ ತಾರೀಖು ಹಂಚಿದೆ. ಅಕ್ಷರ ಸ್ವಲ್ಪ ವಕ್ರವಾಯಿತು, ಪರವಾಗಿಲ್ಲ.

ಆಫೀಸರ ಬೆರಳಿಟ್ಟು ಓದಿದ. “ಇವರೆಲ್ಲಾ?”

“ತೀರ್ಕೊಂಡಿದಾರೆ ಸ್ವಾಮಿ.”

“ಒಂದೇ ತಿಂಗಳಲ್ಲಿ? ಏನಾಗಿ?”

“ಪೆರ್ನೌ ಕಡೆ ಪಿಡುಗು ಇದೆಯಲ್ಲ ಸ್ವಾಮಿ. ಕಂಕುಳಲ್ಲಿ ಗಡ್ಡೆ ಏಳತ್ತೆ. ಕೊನೆಯವನನ್ನ ಮೊನ್ನೆ ತಾನೆ ಹೂತ್ವಿ, ಹೆಣಾನ ನಾನೇ ಹಿಡ್ಕೊಂಡಿದ್ದೆ.”

ಅವನು ಪುಸ್ತಕವನ್ನು ಕೈಬಿಟ್ಟ. ಕರವಸ್ತ್ರ ಮೂಗಿಗೆ ಒತ್ತಿಕೊಂಡು ಹೊರಗೆ ಹೋದ. ಅವರು ಊಟಕ್ಕೂ ನಿಲ್ಲಲಿಲ್ಲ.

ವೀಯು ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಇದನ್ನ ಕಲಿಯಕ್ಕೆ ಆರು ವರ್ಷ ಬೇಕಾಯ್ತಾ, ಮೇಷ್ಟ್ರೇ?” ಎಂದಳು.

ಸಂಜೆ ಲೌರ್ ಬಂದಿದ್ದ. “ನಾನು ಜುಲೈ ಹನ್ನೊಂದಕ್ಕೆ ಸತ್ನಂತೆ? ಅವತ್ತು ಬಲೆ ತುಂಬಾ ಮೀನು ಬಿದ್ದಿತ್ತು ಮೇಷ್ಟ್ರೇ, ಬೇರೆ ದಿನ ಹಾಕಬಾರ್ದಿತ್ತಾ?” ಎಂದ. ನಗು ಬಂತು. ಎಷ್ಟೋ ಕಾಲದ ಮೇಲೆ.

ಸೆಪ್ಟೆಂಬರ್ 9

ಪಿಡುಗು ನಿಜವಾಗಿ ಬಂದಿದೆ. ಮೊದಲು ಗಿರಣಿ ಮನೆಯಲ್ಲಿ. ಈಗ ಎಲ್ಲ ಕಡೆ.

ಸೆಪ್ಟೆಂಬರ್ 16

ಪಾದ್ರಿಗಳು ತೀರಿಕೊಂಡರು. ಮಾರೆತ್ ತೀರಿಕೊಂಡಳು. ಲೂಡರ್ ಹಡಗು ಹತ್ತಿ ಓಡಿಹೋದನಂತೆ.

ಗಂಟೆ ಹೊಡೆಯುವುದನ್ನು ನಿಲ್ಲಿಸಿದ್ದೇನೆ. ಹೊಡೆಯಲು ಹೊರಟರೆ ಇಡೀ ದಿನ ಹೊಡೆಯಬೇಕು.

ಸೆಪ್ಟೆಂಬರ್ 28

ಆ ಒಂಬತ್ತರಲ್ಲಿ ಇವತ್ತಿಗೆ ಆರು ಜನ ಸತ್ತಿದ್ದಾರೆ. ಸಮಾಧಿಯ ಪಟ್ಟಿಯಲ್ಲಿ ಅವರ ಹೆಸರು ಆಗಲೇ ಇದೆ, ಮತ್ತೆ ಬರೆಯುವ ಕೆಲಸವಿಲ್ಲ. ನಾನು ಬರೆದದ್ದರಿಂದ ಹೀಗಾಯಿತೇ ಎಂದು ವೀಯುವನ್ನು ಕೇಳಿದೆ.

“ನಿಮ್ ಶಾಯಿಗೆ ಅಷ್ಟೊಂದು ಶಕ್ತಿ ಇಲ್ಲ. ಹೋಗಿ ನೀರು ತನ್ನಿ,” ಎಂದಳು.

ಅಕ್ಟೋಬರ್ 3

ವೀಯುಗೆ ಜ್ವರ.

ಅಕ್ಟೋಬರ್ 4

ಗಂಜಿ ಮಾಡಿದೆ, ತಳ ಹಿಡಿಯಿತು. ಅವಳು ತಿನ್ನಲಿಲ್ಲ. ಹಾಸಿಗೆ ಬದಲಾಯಿಸಿದೆ. ಅವಳ ಕಾಲು ಇಷ್ಟು ಚಿಕ್ಕದೆಂದು ಗೊತ್ತಿರಲಿಲ್ಲ.

ಅಕ್ಟೋಬರ್ 5

ಎಲ್ಲವನ್ನೂ ಹೇಳಿಬಿಡೋಣ ಎಂದು ಅವಳ ಪಕ್ಕ ಕುಳಿತೆ. ರೇನ್ ಹೊರಟ ದಿನ ಗಂಟೆಯ ಹಗ್ಗ ಬಿಟ್ಟು ಇಳಿದು ಬರಬೇಕಾಗಿತ್ತು ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ.

ಮಧ್ಯಾಹ್ನ ಕಣ್ಣು ಬಿಟ್ಟು, “ಮೇಷ್ಟ್ರೇ, ನೀರು,” ಎಂದಳು.

ಕೊಟ್ಟೆ. ಕುಡಿದಳು.

ಅವಳ ಕೊನೆಯ ಮಾತು ಅದೇ.

ಅಕ್ಟೋಬರ್ 6

ಗುಂಡಿ ತೋಡಲು ಯಾರೂ ಇರಲಿಲ್ಲ. ಲೌರ್ ಬಂದ. ನಾನು ಕರೆದಿರಲಿಲ್ಲ.

ನವೆಂಬರ್ 20

ರೆವಲ್ ಒಂದು ಗುಂಡೂ ಹಾರಿಸದೆ ಬಾಗಿಲು ತೆರೆದಿದೆ. ಒಳಗೆ ಜನವೇ ಉಳಿದಿರಲಿಲ್ಲವಂತೆ. ಇನ್ನು ನಾವು ರಷ್ಯದ ಪ್ರಜೆಗಳು. ಪ್ರಾರ್ಥನೆಯಲ್ಲಿ ಆ ದೊರೆಯ ಹೆಸರು ತೆಗೆದು ಈ ದೊರೆಯ ಹೆಸರು ಹೇಳಬೇಕೆಂದು ಅಪ್ಪಣೆ. ಹೇಳಿದೆ. ಚರ್ಚಿನಲ್ಲಿ ಹದಿನಾಲ್ಕು ಜನರಿದ್ದರು. ಯಾರೂ ತಲೆಯೆತ್ತಲಿಲ್ಲ.

ಹೊರಗೆ ಬಂದ ಮೇಲೆ ಇಂಗೆಲ್‌ಳ ಅಪ್ಪ, ಮುದುಕ ಆದೊ ಕೇಳಿದ: “ಮೇಷ್ಟ್ರೇ, ಈಗ ನಾರ್ವಾದೋರೂ ನಾವೂ ಒಂದೇ ರಾಜ್ಯ ಅಲ್ವಾ?”

“ಹೌದು.”

“ಹಂಗಾದ್ರೆ ಹುಡುಗ್ರನ್ನ ಯಾಕಿನ್ನೂ ಕಳಿಸಿಲ್ಲ?”

ಹದಿನಾಲ್ಕೂ ಜನ ನನ್ನ ಉತ್ತರಕ್ಕೆ ನಿಂತರು. ಚಳಿ ಇದೆ, ಮನೆಗೆ ಹೋಗಿ ಎಂದೆ.

ನಾರ್ವಾದ ಚರ್ಚಿಗೆ ಒಂದು ಕಾಗದ ಬರೆದು ಕಳಿಸಿದೆ. ಎತ್ತರ, ಕಂದು ಕೂದಲು, ಬರೆಯಲು ಬರುತ್ತದೆ ಎಂದೆಲ್ಲ ಹಾಕಿದೆ.

1711, ಫೆಬ್ರವರಿ 15

ನಾರ್ವಾದಿಂದ ಉತ್ತರವಿಲ್ಲ.

ಇವತ್ತು ಬೆಳಿಗ್ಗೆ ಇಂಗೆಲ್ ಮತ್ತು ಲೌರ್ ಒಟ್ಟಿಗೆ ಬಂದರು. ಒಟ್ಟಿಗೆ ನಿಂತ ರೀತಿಯಲ್ಲೇ ತಿಳಿಯಿತು. ಲೌರ್ ಟೊಪ್ಪಿಗೆ ತಿರುವುತ್ತ ನಿಂತ. ಮಾತನಾಡಿದ್ದು ಅವಳೇ.

“ಮಾವ, ನಾನು ಏಳು ವರ್ಷ ಕಾದೆ. ಅತ್ತೆ ಇರೋವರ್ಗೂ ಬಾಯಿ ಬಿಡ್ಲಿಲ್ಲ. ನಂಗೀಗ ಇಪ್ಪತ್ತೈದು. ನಮ್ಮೂರಲ್ಲಿ ಹೊಗೆ ಏಳೋ ಮನೆ ಐದೇ ಇರೋದು. ಇವನಿಗೆ ಯಾರೂ ಇಲ್ಲ, ನಂಗೆ ಕೆಮ್ಮೋ ಅಪ್ಪ ಬಿಟ್ರೆ ಯಾರೂ ಇಲ್ಲ.”

“ರೇನ್ ಬಂದ್ರೆ?” ಎಂದೆ.

“ಬಂದ್ರೆ ಕಾಲಿಗೆ ಬೀಳ್ತೀನಿ. ಬರ್ತಾನೆ ಅಂತ ನೀವು ಹೇಳಿ ಮಾವ, ಇನ್ನೂ ಕಾಯ್ತೀನಿ. ಹೇಳಿ.”

ಹೇಳಲಾಗಲಿಲ್ಲ. ಆದರೆ ಇನ್ನೊಂದನ್ನು ಹೇಳಲೂ ಆಗಲಿಲ್ಲ. ಆಚೆ ಚರ್ಚಿನ ಪಾದ್ರಿ ಹೋಲ್ಮ್ ಈಗ ತಿಂಗಳಿಗೊಮ್ಮೆ ನಮ್ಮಲ್ಲಿಗೂ ಬರುತ್ತಾರೆ. ಅವರ ಬಳಿ ಇವರಿಬ್ಬರೂ ಆಗಲೇ ಹೋಗಿದ್ದರಂತೆ. ಮೊದಲನೆಯವನು ಸತ್ತದ್ದಕ್ಕೆ ಸಾಕ್ಷಿ ಬೇಕು, ಇಲ್ಲದಿದ್ದರೆ ಮದುವೆ ಮಾಡಿಸಲು ಬರುವುದಿಲ್ಲ ಎಂದರಂತೆ.

“ಮದುಮಗನೂ ಪುಸ್ತಕದಲ್ಲಿ ಸತ್ತಿದಾನೆ ಅಂತ ಅವರಿಗಿನ್ನೂ ಹೇಳಿಲ್ಲ,” ಎಂದ ಲೌರ್. ಯಾರೂ ನಗಲಿಲ್ಲ.

“ಮನೆಗೆ ಹೋಗಿ,” ಎಂದೆ. ಒರಟಾಗಿಯೇ ಹೇಳಿದೆ.

ಇವನ ಬದಲು ಅವನನ್ನು ಬರೆದೆ. ಈಗ ಅವನ ಹುಡುಗಿಯೂ ಇವನಿಗೇ ಬೇಕೇ? ಹೀಗೆ ಬರೆಯಬಾರದು, ಗೊತ್ತು. ಬರೆದಾಯಿತು.

ಫೆಬ್ರವರಿ 23

ಎಂಟು ದಿನ ಲೌರ್ ಬರಲಿಲ್ಲ. ಆದರೂ ಎದ್ದು ನೋಡಿದರೆ ಬಾಗಿಲಿನ ಹಿಮ ಸರಿಸಿರುತ್ತದೆ, ಸೌದೆ ಒಡೆದಿಟ್ಟಿರುತ್ತದೆ.

ರೇನ್ ಹೇಗೆ ಸತ್ತಿರಬಹುದೆಂದು ಏಳು ವರ್ಷದಲ್ಲಿ ನಾನು ಒಂದು ಸಲವೂ ಯೋಚಿಸಿಲ್ಲ. ಯೋಚನೆ ಆ ಬಾಗಿಲಿಗೆ ಬಂದಾಗಲೆಲ್ಲ ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ. ಇವತ್ತು ಏಳಲಿಲ್ಲ. ಕುಳಿತೇ ಇದ್ದೆ.

ಮಾರ್ಚ್ 11

ಪಾದ್ರಿ ಹೋಲ್ಮ್ ಬಂದಿದ್ದರು. ಪೂಜೆ ಮುಗಿದ ಮೇಲೆ ಚರ್ಚಿನ ಹಿಂಬದಿಯ ಕೋಣೆಯಲ್ಲಿ ನಾವು ನಾಲ್ಕೇ ಜನ: ಅವರು, ನಾನು, ಇಂಗೆಲ್, ಲೌರ್.

ಲೌರ್‌ನ ವಿಷಯ ಬೇಗ ಮುಗಿಯಿತು. ನಾನೇ ಒಪ್ಪಿಕೊಂಡೆ. ಮುದುಕ ಪಾದ್ರಿಗಳು ಕನ್ನಡಕ ಏರಿಸಿ ಆ ಒಂಬತ್ತು ಹೆಸರು ಓದಿದರು. ಲೌರ್‌ನ ಹೆಸರಿನ ಮೇಲೆ ತಾವೇ ಒಂದು ಗೆರೆ ಎಳೆದರು. ಆಮೇಲೆ, “ನಿನ್ನ ಮಗನ ವಿಷಯ?” ಎಂದರು.

“ತೀರ್ಕೊಂಡಿದಾನೆ ಸ್ವಾಮಿ. ನಾರ್ವಾದಲ್ಲಿ.”

“ಯಾರು ಹೇಳಿದ್ದು?”

“ಅವನ ಪಕ್ಕದಲ್ಲಿದ್ದ ಸಿಪಾಯಿ. ತಪ್ಪಿಸಿಕೊಂಡು ಈ ದಾರೀಲಿ ಬಂದಿದ್ದ. ಅವನೂ ಈಗಿಲ್ಲ.”

“ಬೈಬಲ್ ಮೇಲೆ ಕೈಯಿಟ್ಟು ಹೇಳ್ತೀಯಾ ಕಾಸ್ಪರ್?”

ಕೈಯಿಟ್ಟೆ. ಅಂಥ ಸಿಪಾಯಿ ಯಾರೂ ಬಂದಿರಲಿಲ್ಲ. ದೇವರು ನನ್ನನ್ನು ಏನು ಮಾಡಬೇಕೋ ಮಾಡಲಿ.

“ಹೇಗಾಯ್ತು ಅಂತ ಹೇಳಿದ್ನಾ? ಬರೀಬೇಕು ನಾನು.”

ಇಷ್ಟನ್ನು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಆದರೆ ಬಾಯಿ ತಾನಾಗಿ ಹೇಳತೊಡಗಿತು.

“ಬೆಳಿಗ್ಗೆ ಹೊತ್ತು ಸ್ವಾಮಿ. ಅವರು ನುಗ್ಗೋಕೆ ಮುಂಚೆ. ಮಣ್ಣು ಹೊತ್ತು ದಣಿದು ಗೋಡೆಗೆ ಒರಗಿ ಕೂತಿದ್ದ. ಬಿಸಿಲಿತ್ತು. ಫಿರಂಗಿ ಗುಂಡು ಬಿತ್ತು. ನೋವು ಅಂತ ಗೊತ್ತಾಗೋ ಅಷ್ಟು ಹೊತ್ತೂ ಇರ್ಲಿಲ್ವಂತೆ. ಆ ಸಿಪಾಯಿ ತಲೇನ ತೊಡೆ ಮೇಲೆ ಇಟ್ಕೊಂಡ.”

ಪಾದ್ರಿಗಳ ಲೇಖನಿ ಕರಕರ ಎನ್ನುತ್ತಿತ್ತು. “ಏನಾದ್ರೂ ಮಾತಾಡಿದ್ನಾ?”

“ಅವ್ವ ಅಂದನಂತೆ.”

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಒಳ್ಳೆಯ ಮನುಷ್ಯ, ನನಗೂ ಏನಾದರೂ ಸಿಗಲಿ ಎಂದೇ ಕೇಳಿದರೇನೋ: “ನಿನ್ನನ್ನ?”

“ಇಲ್ಲ ಸ್ವಾಮಿ,” ಎಂದೆ. “ನನ್ನನ್ನ ಕರೀಲಿಲ್ಲ.”

ಅಷ್ಟು ಸುಳ್ಳು ಹೇಳಿದವನಿಗೆ ಅದೊಂದು ಸುಳ್ಳು ಬಾಯಿಗೆ ಬರಲಿಲ್ಲ.

ಸಮಾಧಿಯ ಪಟ್ಟಿಗೆ ರೇನ್‌ನ ಹೆಸರನ್ನು ನನ್ನ ಕೈಯಲ್ಲಿ ಬರೆಸಬೇಡಿ ಎಂದು ಕೇಳಿಕೊಂಡೆ. ಅವರೇ ಬರೆದರು. ಈಸ್ಟರ್ ಕಳೆದ ಮೇಲೆ ಮದುವೆ.

ಹೊರಗೆ ಕರಗುವ ಹಿಮ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಲೌರ್ ಮುಂದೆ ಹೋಗಿ ಸಮಾಧಿಗಳ ಕಡೆ ಮುಖಮಾಡಿ ನಿಂತ. ಇಂಗೆಲ್ ಹಿಂದಿನಿಂದ ಬಂದು ನನ್ನ ತೋಳು ಹಿಡಿದಳು. ಅವಳ ಮುಖ ಅತ್ತು ಊದಿಕೊಂಡಿತ್ತು. ನಾನು ಸುಳ್ಳು ಹೇಳುತ್ತಿರುವುದು ಅವಳಿಗೆ ಗೊತ್ತು ಎಂದೇ ಅಂದುಕೊಂಡಿದ್ದೆ. ಇಲ್ಲ. ಅವಳು ನಂಬಿದ್ದಳು.

“ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾವ?”

“ವೀಯುಗೆ ತಿಳಿಯೋದು ಬೇಡ ಅಂತ.”

ಅವಳು ತಲೆಯಾಡಿಸಿದಳು. ಸ್ವಲ್ಪ ದೂರ ನಡೆದೆವು.

“ನಿಜವಾಗ್ಲೂ ನೋವಾಗ್ಲಿಲ್ವಾ?” ಎಂದಳು. “ಇನ್ನೊಂದ್ಸಲ ಹೇಳಿ ಮಾವ. ಮೊದ್ಲಿಂದ ಹೇಳಿ.”

ಮೊದಲಿನಿಂದ ಹೇಳಿದೆ. ಬೆಳಿಗ್ಗೆ, ಗೋಡೆ, ಬಿಸಿಲು. ಈ ಸಲ ಗುಂಡು ಬೀಳುವ ಮುಂಚೆ ಅವನಿಗೆ ಹೊಟ್ಟೆ ತುಂಬ ಊಟ ಹಾಕಿದೆ.